ಬಾಲಮಂದಿರದ ಅಂಗಳದಲ್ಲಿ ಕೈತೋಟ: ಮಗು ಉಳಿಯುವ ಕಾಲಕ್ಕೆ ತಕ್ಕ ಬೆಳೆ

ಮನೆಯಿಂದ ದೂರವಾಗಿ ಬಾಲಮಂದಿರದಲ್ಲೋ, ಅಲ್ಪಕಾಲ ಆಶ್ರಯ ಕೊಡುವ ತೆರೆದ ತಂಗುದಾಣದಲ್ಲೋ, ಸಂಘ ಸಂಸ್ಥೆಗಳು ನಡೆಸುವ ಮಕ್ಕಳ ಮನೆಯಲ್ಲೋ ಇರುವ ಮಕ್ಕಳಿಗಾಗಿ ಕೈತೋಟ ಮಾಡೋಣವೆಂಬ ಮಾತು ಬಂದಾಗ ಸಾಮಾನ್ಯವಾಗಿ ಎರಡು ಕಾರಣಗಳು ಕೇಳಿಬರುತ್ತವೆ. ಅಡುಗೆಮನೆಗೆ ತಾಜಾ ತರಕಾರಿ ಸಿಗುತ್ತದೆ ಎಂಬುದು ಒಂದು. ಬರಿದಾದ ಅಂಗಳ ಹಸಿರಾಗುತ್ತದೆ ಎಂಬುದು ಇನ್ನೊಂದು. ಎರಡೂ ಒಳ್ಳೆಯ ಕಾರಣಗಳೇ, ಆದರೆ ಎರಡೂ ಮುಖ್ಯವಾದವಲ್ಲ. ಮನೆಯ ಹಿತ್ತಿಲಿಗೂ ಶಾಲೆಯ ತೋಟಕ್ಕೂ ಇಲ್ಲದ ಒಂದು ವಿಶೇಷ ಸ್ಥಿತಿ ಈ ತೋಟಕ್ಕಿದೆ: ಇಲ್ಲಿ ಬೀಜ ಬಿತ್ತುವ ಮಗುವಿಗೆ ತಾನು ಕೊಯ್ಲಿನವರೆಗೆ ಇಲ್ಲೇ ಇರುತ್ತೇನೆಯೇ ಎಂಬುದು ಗೊತ್ತಿರುವುದಿಲ್ಲ. ಯಾವ ಬೆಳೆ, ಎಷ್ಟು ಜಾಗ, ಯಾರ ಹೊಣೆ, ಹೊರಗಿನವರು ಹೇಗೆ ಬರಬೇಕು ಎಂಬ ಪ್ರಶ್ನೆಗಳನ್ನೆಲ್ಲ ಆ ಸ್ಥಿತಿಯಿಂದಲೇ ಯೋಚಿಸಬೇಕು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ನೆಲ, ನೀರು ಮತ್ತು ಹವೆಯನ್ನು ಮುಂದಿಟ್ಟುಕೊಂಡು ಅದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಮಕ್ಕಳು ಅಲ್ಲಿಗೆ ಬರುವ ಬಗೆಯನ್ನು ತಿಳಿಯಬೇಕು. 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ ಪ್ರಕಾರ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವನ್ನು, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳ ಒಳಗೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕ ಮಗು, ಭಿಕ್ಷಾಟನೆಯಿಂದ ಅಥವಾ ದುಡಿಮೆಯಿಂದ ಬಿಡಿಸಿ ತಂದ ಮಗು, ಬಾಲ್ಯವಿವಾಹದಿಂದ ತಪ್ಪಿಸಲ್ಪಟ್ಟ ಹುಡುಗಿ, ತಂದೆ ತಾಯಿಯನ್ನು ಕಳೆದುಕೊಂಡ ಮಗು, ತಂದೆ ತಾಯಿ ಇದ್ದೂ ನೋಡಿಕೊಳ್ಳಲಾಗದ ಮಗು, ಎಲ್ಲರೂ ಈ ಸಮಿತಿಯ ಮುಂದೆಯೇ ಬರುತ್ತಾರೆ. ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮಗು ಮೊದಲು ಹಾಜರಾದ ದಿನದಿಂದ 4 ತಿಂಗಳೊಳಗೆ ಸಮಿತಿ ಅಂತಿಮ ಆದೇಶ ನೀಡುವಂತಾಗಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಆದೇಶದ ನಂತರ ಕೆಲವರು ಮನೆಗೆ ಮರಳುತ್ತಾರೆ, ಕೆಲವರು ಬಂಧುಗಳ ಬಳಿಗೋ ಪೋಷಕ ಕುಟುಂಬಕ್ಕೋ ಹೋಗುತ್ತಾರೆ, ಉಳಿದವರು 18 ವರ್ಷ ತುಂಬುವವರೆಗೂ ಸಂಸ್ಥೆಯಲ್ಲೇ ಬೆಳೆಯುತ್ತಾರೆ.

ಹೀಗಾಗಿ ಒಂದೇ ಅಂಗಳದಲ್ಲಿ ಮೂರು ಬಗೆಯ ಕಾಲ ಒಟ್ಟಿಗೆ ನಡೆಯುತ್ತಿರುತ್ತದೆ: ಕೆಲವು ವಾರ, ಕೆಲವು ತಿಂಗಳು, ಹಲವು ವರ್ಷ. ತೋಟದ ಯೋಜನೆಯನ್ನು ಋತುಮಾನದಿಂದ ಆರಂಭಿಸುವುದು ರೈತರ ಕ್ರಮ. ಇಲ್ಲಿ ಅದಕ್ಕೂ ಮೊದಲು ಮಗುವಿನ ಅವಧಿಯಿಂದ ಆರಂಭಿಸಬೇಕು ಎಂಬುದು ನನ್ನ ಮುಖ್ಯ ವಾದ. ಎರಡು ವಾರಕ್ಕೆಂದು ಬಂದ ಮಗುವಿನ ಕೈಗೆ ಮಾವಿನ ಸಸಿ ಕೊಟ್ಟು ನೆಡಿಸುವುದು ಆ ಮಗುವಿಗೆ ಮಾಡುವ ಉಪಕಾರವಲ್ಲ. ತಾನು ಶುರುಮಾಡಿದ್ದು ತನ್ನ ಕಣ್ಣೆದುರಿಗೆ ಮುಗಿಯುವುದಿಲ್ಲ ಎಂಬ ಅನುಭವ ಅದಕ್ಕೆ ಈಗಾಗಲೇ ಬೇಕಾದಷ್ಟಾಗಿದೆ.

ಕೆಲವೇ ವಾರ ಇರುವ ಮಗುವಿಗೆ ಮೆಂತ್ಯ, ದಂಟು, ಮೂಲಂಗಿ ಸೂಕ್ತ. ಮೆಂತ್ಯ ಮೂರು ನಾಲ್ಕು ದಿನಗಳಲ್ಲಿ ಮೊಳಕೆಯೊಡೆದು, ಸುಮಾರು 20ರಿಂದ 25 ದಿನಗಳಿಗೆ ಕೀಳಲು ಬರುತ್ತದೆ. ದಂಟಿನ ಸೊಪ್ಪಿಗೆ 25ರಿಂದ 30 ದಿನ ಸಾಕು; ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸುಗುಣ ತಳಿಯಾದರೆ ಒಮ್ಮೆ ಕೊಯ್ದ ಮೇಲೂ ಮತ್ತೆ ಮತ್ತೆ ಚಿಗುರುತ್ತದೆ. ಕೊತ್ತಂಬರಿ ಸ್ವಲ್ಪ ನಿಧಾನ. ಬೀಜವನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಿದರೂ ಮೊಳಕೆ ಕಾಣಲು ಒಂದು ವಾರ ಬೇಕು. ಇಷ್ಟು ದಿನವೂ ಇರುತ್ತದೋ ಇಲ್ಲವೋ ಎಂಬ ಅನುಮಾನವಿರುವ ಮಗುವಿಗೆ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಲು ಕೊಡಬಹುದು. ಎರಡನೆಯ ದಿನ ಮೊಳಕೆ ಕಾಣುತ್ತದೆ, ಮೂರನೆಯ ದಿನ ಎಲ್ಲರಿಗೂ ಕೋಸಂಬರಿಯಾಗುತ್ತದೆ. ಅದನ್ನು ತೋಟವೆನ್ನಲು ಯಾರಿಗಾದರೂ ಸಂಕೋಚವಾದರೆ ಆಗಲಿ, ಮಗುವಿನ ಪಾಲಿಗೆ ಅದು ಪೂರ್ಣವಾದ ಒಂದು ಬೆಳೆ.

ಅಂತಿಮ ಆದೇಶ ಬರುವವರೆಗೆ ಕೆಲವು ತಿಂಗಳು ಉಳಿಯುವ ಮಕ್ಕಳಿಗೆ ಬೆಂಡೆ, ಚವಳಿ, ಬೀನ್ಸ್, ಅಲಸಂದೆ, ಬದನೆ, ಟೊಮೆಟೊ ಒಗ್ಗುತ್ತವೆ. ಬೆಂಡೆ 45ರಿಂದ 50 ದಿನಗಳಲ್ಲಿ ಕಾಯಿ ಬಿಡಲು ಆರಂಭಿಸಿ ಒಂದೂವರೆ ತಿಂಗಳಾದರೂ ಕೊಡುತ್ತಲೇ ಇರುತ್ತದೆ. ಹಳದಿ ನಂಜುರೋಗವನ್ನು ತಡೆದುಕೊಳ್ಳುವ ಅರ್ಕ ಅನಾಮಿಕದಂತಹ ತಳಿಯನ್ನು ಆರಿಸಿದರೆ ಮಕ್ಕಳ ಶ್ರಮ ವ್ಯರ್ಥವಾಗುವ ಸಂಭವ ಕಡಿಮೆ. ಟೊಮೆಟೊ ಬೀಜದಿಂದ ಹಣ್ಣಿನವರೆಗೆ ಸುಮಾರು ಮೂರು ತಿಂಗಳು ಕೇಳುತ್ತದೆ. ಸಸಿಮಡಿ, ನಾಟಿ, ಆಸರೆ ಕೋಲು, ಹೂವು, ಕಾಯಿ, ಬಣ್ಣ ತಿರುಗುವುದು ಎಂದು ಪ್ರತಿ ವಾರವೂ ಏನಾದರೊಂದು ಹೊಸ ಬದಲಾವಣೆ ಅದರಲ್ಲಿ ಇರುವುದರಿಂದ ಕಾಯುವುದು ಬೇಸರವಾಗುವುದಿಲ್ಲ.

ವರ್ಷಗಟ್ಟಲೆ ಇರುವವರಿಗಾಗಿ, ಅಂದರೆ ಸಂಸ್ಥೆಯ ಸ್ಥಿರ ನೆಲೆಗಾಗಿ, ಗಿಡ ಮರಗಳು ಬೇಕು: ನುಗ್ಗೆ, ಕರಿಬೇವು, ಪಪ್ಪಾಯಿ, ನಿಂಬೆ, ಸೀತಾಫಲ, ಪೇರಲ. ಬೀಜದಿಂದ ಬೆಳೆಸುವ ನುಗ್ಗೆ ತಳಿಗಳು ಆರರಿಂದ ಎಂಟು ತಿಂಗಳಲ್ಲಿ ಕಾಯಿ ಕೊಡುತ್ತವೆ. ಸೊಪ್ಪನ್ನು ಅದಕ್ಕಿಂತ ಮೊದಲೇ ಕೊಯ್ಯಬಹುದು. ಸೀತಾಫಲ ಚಿತ್ರದುರ್ಗದ ಕಲ್ಲುಗುಡ್ಡಗಳ ಸಂದಿಯಲ್ಲೇ ತಾನಾಗಿ ಬೆಳೆಯುವ ಗಿಡವಾದ್ದರಿಂದ ಅದಕ್ಕೆ ಉಪಚಾರ ಹೆಚ್ಚು ಬೇಕಿಲ್ಲ. ಮರವನ್ನು ಒಂದು ಮಗುವಿನ ಹೆಸರಿಗೆ ಕಟ್ಟಬಾರದು ಎಂದು ನಾನು ಬಲವಾಗಿ ನಂಬುತ್ತೇನೆ. ಗಿಡ ಒಣಗಿದರೆ ಆ ನಷ್ಟ ಮಗುವಿನ ತಲೆಯ ಮೇಲೆ ಬೀಳುತ್ತದೆ. ಮಗು ಹೊರಟುಹೋದರೆ ಉಳಿದವರು ಆ ಫಲಕವನ್ನು ದಿನವೂ ನೋಡುತ್ತಿರಬೇಕಾಗುತ್ತದೆ. ಮರ ಎಲ್ಲರದಾಗಿರಲಿ, ಸೊಪ್ಪಿನ ಪುಟ್ಟ ಮಡಿ ಮಾತ್ರ ಒಬ್ಬೊಬ್ಬರದಾಗಿರಲಿ.

ಸೊಪ್ಪು ಕಾಯಿ ಮುಖ್ಯವಲ್ಲವೆಂದರೆ ಮಗುವಿಗೆ ನಿಜವಾಗಿ ಸಿಗುವುದೇನು? ಸಂಸ್ಥೆಗೆ ಬಂದ ಮಗುವಿನ ಬದುಕಿನ ಬಹುತೇಕ ತೀರ್ಮಾನಗಳನ್ನು ಬೇರೆಯವರು ಮಾಡಿರುತ್ತಾರೆ. ಎಲ್ಲಿರಬೇಕು, ಯಾರನ್ನು ನೋಡಬೇಕು, ಯಾವ ಶಾಲೆ, ಎಷ್ಟು ಗಂಟೆಗೆ ಏಳಬೇಕು, ಇಂದಿನ ಸಾರು ಯಾವುದು ಎಂಬುದನ್ನು ಅದು ಕೇಳಿ ತಿಳಿಯಬೇಕೇ ಹೊರತು ಹೇಳುವಂತಿಲ್ಲ. ಮೂರಡಿ ಮಡಿಯಲ್ಲಿ ಮೆಂತ್ಯವೋ ಮೂಲಂಗಿಯೋ, ಇಂದು ನೀರು ಬೇಕೋ ಬೇಡವೋ, ಈಗ ಕೀಳುವುದೋ ಇನ್ನೆರಡು ದಿನ ಬಿಡುವುದೋ ಎಂಬುದನ್ನು ಅದೇ ನಿರ್ಧರಿಸುವಾಗ, ನಿರ್ಧಾರಕ್ಕೂ ಫಲಕ್ಕೂ ಇರುವ ಸಂಬಂಧ ಮತ್ತೆ ಅದರ ಕೈಗೆ ಬರುತ್ತದೆ. ಇದರ ಜೊತೆಗೆ, ನಂಬಿದ ದೊಡ್ಡವರೇ ಮಾತು ತಪ್ಪಿದ್ದನ್ನು ಕಂಡ ಮಗುವಿಗೆ, ನೀರು ಹಾಕಿದರೆ ಮೊಳಕೆ ಬರುತ್ತದೆ ಎಂಬ ಊಹಿಸಬಹುದಾದ ಕ್ರಮವೊಂದು ದಿನವೂ ಕಣ್ಣಿಗೆ ಬೀಳುವುದು ಸಣ್ಣ ಸಂಗತಿಯಲ್ಲ. ಮಾತಾಡಲು ಒಲ್ಲದ ಮಕ್ಕಳು ಎದುರುಬದುರು ಕುಳಿತಾಗ ಹೇಳದಿದ್ದುದನ್ನು ಕಳೆ ಕೀಳುತ್ತಾ ಪಕ್ಕದಲ್ಲಿ ಕುಳಿತಾಗ ಹೇಳುವುದೂ ಉಂಟು. ಕೈಗೆ ಕೆಲಸವಿದ್ದು ಕಣ್ಣು ನೆಲದ ಮೇಲಿದ್ದಾಗ ಮಾತಿನ ಭಾರ ಕಡಿಮೆಯಾಗುತ್ತದೆ.

ಆದರೂ ತೋಟವನ್ನು ಚಿಕಿತ್ಸೆ ಎಂದು ಕರೆಯುವಾಗ ಎಚ್ಚರ ಬೇಕು. ಹಸಿರಿನ ಪ್ರಭಾವದ ಕುರಿತು ಹೆಚ್ಚಾಗಿ ಉಲ್ಲೇಖಿಸಲಾಗುವ ಅಧ್ಯಯನ ರೋಜರ್ ಉಲ್ರಿಚ್ ಅವರು 1984ರಲ್ಲಿ ಪ್ರಕಟಿಸಿದ್ದು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು ಮತ್ತು ಅವರಿಗೆ ಪ್ರಬಲ ನೋವುನಿವಾರಕಗಳು ಕಡಿಮೆ ಬೇಕಾದವು ಎಂದು ಅದು ತೋರಿಸಿತು. ಅದು ಆಸ್ಪತ್ರೆಯಲ್ಲಿದ್ದ ವಯಸ್ಕರ ಸಂಗತಿ. ದೌರ್ಜನ್ಯ ಕಂಡ ಮಗುವಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ತೋಟ ಆಪ್ತಸಮಾಲೋಚಕರ ಬದಲಿಯಲ್ಲ. ಪ್ರತಿ ಮಗುವಿಗೂ ಸಿದ್ಧಪಡಿಸಬೇಕಾದ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಅದು ಒಂದು ಅಂಶವಾಗಿ ಸೇರಬಹುದು, ಅಷ್ಟೇ.

ಇನ್ನೊಂದು ಎಚ್ಚರವೂ ಇಲ್ಲೇ ಹೇಳಬೇಕಾದದ್ದು. ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯವಾಗಿರಬೇಕು ಎಂಬುದು 2015ರ ಕಾಯ್ದೆಯ ಮೂಲತತ್ವಗಳಲ್ಲಿ ಒಂದು. ಬಡತನವೊಂದೇ ಕಾರಣವಾಗಿ ಮಗು ಮನೆ ಬಿಡಬಾರದೆಂದೇ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ನೆರವಿದೆ. ಸಂಸ್ಥೆಯ ತೋಟ ಎಷ್ಟೇ ಸೊಗಸಾಗಿದ್ದರೂ ಅದು ಮಗುವನ್ನು ಅಲ್ಲೇ ಉಳಿಸಿಕೊಳ್ಳಲು ಕಾರಣವಾಗಬಾರದು.

ದುಡಿಮೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಅದರ ಬಗ್ಗೆ ಸಾಕಷ್ಟು ಚರ್ಚೆ ಆಗುತ್ತಿಲ್ಲ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಮಗುವಿಗೆ ಬಿಡುವು ಮತ್ತು ಆಟದ ಹಕ್ಕನ್ನು ಕೊಡುತ್ತದೆ. 32ನೆಯ ವಿಧಿ ಶೋಷಣೆಯ ದುಡಿಮೆಯಿಂದ ರಕ್ಷಣೆ ಕೊಡುತ್ತದೆ. ತೋಟದ ಕೆಲಸ ಈ ಎರಡರ ನಡುವಿನ ಗೆರೆಯ ಮೇಲೆ ನಿಂತಿದೆ. ಮಗು ತಾನಾಗಿ ಬಂದರೆ, ಬೇಡವೆನಿಸಿದಾಗ ಎದ್ದುಹೋಗಲು ಬಿಟ್ಟರೆ, ಬೆಳೆದದ್ದು ಅದರ ತಟ್ಟೆಗೇ ಬಂದರೆ, ಶಾಲೆಯ ಮತ್ತು ಆಟದ ಹೊತ್ತು ಹಾಗೇ ಉಳಿದರೆ ಅದು ಮಗುವಿನ ತೋಟ. ಇಷ್ಟು ಸಾಲು ಕಳೆ ತೆಗೆಯಲೇಬೇಕೆಂಬ ಲೆಕ್ಕ, ಕೊಡ ಹೊತ್ತು ದೂರದಿಂದ ನೀರು ತರುವುದು, ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ಗುದ್ದಲಿ ಕೊಡುವುದು, ಬೆಳೆದ ತರಕಾರಿಯನ್ನು ಸಂಸ್ಥೆಯವರು ಮಾರಿಕೊಳ್ಳುವುದು, ಇವುಗಳಲ್ಲಿ ಒಂದು ಬಂದರೂ ಗೆರೆ ದಾಟಿದಂತೆ.

ನಮ್ಮ ಜಿಲ್ಲೆಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಈರುಳ್ಳಿ, ಶೇಂಗಾ, ಮೆಕ್ಕೆಜೋಳ, ಹತ್ತಿ ಬೆಳೆಯುವ ಸೀಮೆಯಿದು. ಕೂಲಿಯ ಮನೆಯಿಂದ ಬಂದ ಮಗುವಿಗೆ ಹೊಲದ ಕೆಲಸ ಹೊಸದಲ್ಲ. ಹೊಲದ ದುಡಿಮೆಯಿಂದಲೇ ಬಿಡಿಸಿ ತಂದ ಮಗುವಿನ ಕೈಗೆ ಕಳೆ ತೆಗೆಯುವ ಕುರ್ಚಿಗೆಯನ್ನು ಕೊಟ್ಟು ಕೂರಿಸಿದರೆ ಅದಕ್ಕೆ ನೆನಪಾಗುವುದು ಬಿಸಿಲು ಮತ್ತು ಬೈಗುಳ. ಅಂತಹ ಮಗುವಿಗೆ ಬೇರೆ ಪಾತ್ರಗಳಿರಬೇಕು: ಮಡಿಯ ಹೆಸರುಫಲಕ ಬರೆಯುವುದು, ಮಳೆ ಅಳೆಯುವುದು, ಯಾವ ಚಿಟ್ಟೆ ಯಾವ ಹೂವಿಗೆ ಬಂತೆಂದು ಚಿತ್ರ ಬಿಡಿಸುವುದು, ಅಥವಾ ಏನೂ ಮಾಡದೆ ನೆರಳಲ್ಲಿ ಕುಳಿತಿರುವುದು. ಅದೇ ರೀತಿ ಗೊಬ್ಬರದ ಗುಂಡಿಯ ಮತ್ತು ಚರಂಡಿ ಬದಿಯ ಕೆಲಸಕ್ಕೆ ಯಾವ ಮಕ್ಕಳನ್ನು ಕರೆಯಲಾಗುತ್ತಿದೆ ಎಂಬುದನ್ನು ಸಿಬ್ಬಂದಿ ಗಮನಿಸುತ್ತಲೇ ಇರಬೇಕು. ಜಾತಿಯ ಹಳೆಯ ರೂಢಿ ಬಾಲಮಂದಿರದ ಗೇಟಿನ ಹೊರಗೆ ತಾನಾಗಿ ನಿಲ್ಲುವುದಿಲ್ಲ. ಸರದಿ ಪಟ್ಟಿ ಬರೆದು ಗೋಡೆಗೆ ಹಚ್ಚಿ, ದೊಡ್ಡವರೂ ಅದರಲ್ಲಿ ಸೇರಿದರೆ ಮಾತ್ರ ನಿಲ್ಲುತ್ತದೆ. ಸೊಪ್ಪು ಸೋಸುವುದು ಹುಡುಗಿಯರಿಗೆ, ಅಗೆಯುವುದು ಹುಡುಗರಿಗೆ ಎಂಬ ಹಂಚಿಕೆಯೂ ಬೇಡ.

ಅಡುಗೆಮನೆಯ ಲೆಕ್ಕವನ್ನು ನೇರವಾಗಿ ನೋಡೋಣ. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ಆಹಾರ ಪ್ರಮಾಣದಲ್ಲಿ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಮತ್ತು 130 ಗ್ರಾಂ ಇತರ ತರಕಾರಿ ಹೇಳಲಾಗಿದೆ. 50 ಮಕ್ಕಳಿಗೆ ಸೊಪ್ಪೊಂದೇ ದಿನಕ್ಕೆ 5 ಕಿಲೋ. ದಂಟಿನ ಸೊಪ್ಪು ಒಂದು ಚದರ ಮೀಟರಿನಲ್ಲಿ ಒಂದು ಕಿಲೋ ಬಂದರೂ ದಿನಕ್ಕೆ 5 ಚದರ ಮೀಟರ್ ಕೊಯ್ಯಬೇಕು, ಬೆಳೆಗೆ 30 ದಿನ ಹಿಡಿಯುವುದರಿಂದ 150 ಚದರ ಮೀಟರ್ ಸದಾ ಹಸಿರಾಗಿರಬೇಕು. ಇಷ್ಟು ನೆಲ, ನೀರು ಮತ್ತು ಆರೈಕೆ ಬಹುತೇಕ ಸಂಸ್ಥೆಗಳಿಗೆ ಸಾಧ್ಯವಿಲ್ಲ. ಸಾಧಿಸಲು ಹೊರಟರೆ ಮಕ್ಕಳು ಕೂಲಿಗಳಾಗುತ್ತಾರೆ. ತೋಟ ಬಂತೆಂದು ತರಕಾರಿ ಖರೀದಿಯನ್ನು ಕಡಿಮೆ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು. ತೋಟದಿಂದ ಬರುವುದು ಹೆಚ್ಚುವರಿಯಾಗಿಯೇ ಉಳಿಯಬೇಕು: ಸಾರಿಗೆ ಬೀಳುವ ನುಗ್ಗೆಸೊಪ್ಪು, ದಿನದ ಒಗ್ಗರಣೆಯ ಕರಿಬೇವು, ಮಂಡಕ್ಕಿಗೆ ಉದುರಿಸುವ ಕೊತ್ತಂಬರಿ, ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯ ಮತ್ತು ಮೂಲಂಗಿ. ತಾವೇ ಬೆಳೆದ ತರಕಾರಿಯನ್ನು ರುಚಿ ನೋಡಲು ಮಕ್ಕಳು ಹೆಚ್ಚು ಒಲವು ತೋರುತ್ತಾರೆ ಎಂಬುದು ಶಾಲಾ ತೋಟಗಳ ಅನುಭವ. ಒಂದು ಹಿಡಿ ಬೆಂಡೆಯಾದರೂ ಅದನ್ನು ಬೆಳೆದವರ ಕಣ್ಣೆದುರೇ ಹುರಿದು ಬಡಿಸುವ ಅಡುಗೆಯವರಿದ್ದರೆ ತೋಟದ ಅರ್ಧ ಕೆಲಸವಾದಂತೆ.

ಇನ್ನು ನೀರು. ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸು. ಚಳ್ಳಕೆರೆ, ಹಿರಿಯೂರು ಕಡೆ ಇನ್ನೂ ಕಡಿಮೆ. ಅದರಲ್ಲೂ ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಬೀಳುತ್ತದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬುದು ಈ ಸೀಮೆಯ ಮಳೆಯ ಸ್ವಭಾವವನ್ನು ಹೇಳುತ್ತದೆ. ದಾವಣಗೆರೆಯ ಭದ್ರಾ ಕಾಲುವೆಯ ಭಾಗದಲ್ಲಿ ಭತ್ತವೂ ಅಡಿಕೆಯೂ ಬೆಳೆಯುತ್ತಿದ್ದರೆ ಅದೇ ಜಿಲ್ಲೆಯ ಜಗಳೂರು ಚಿತ್ರದುರ್ಗದಷ್ಟೇ ಒಣ. ಆದ್ದರಿಂದ ಒಂದೇ ಮಾದರಿಯ ತೋಟ ಎರಡೂ ಕಡೆ ನಡೆಯದು.

ಬೇಸಿಗೆಯಲ್ಲಿ ತರಕಾರಿ ಮಡಿಗೆ ದಿನಕ್ಕೆ ಸುಮಾರು 5ರಿಂದ 6 ಮಿಲಿಮೀಟರ್ ನೀರು ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಹಾಗಾಗಿ 100 ಚದರ ಮೀಟರಿಗೆ ದಿನಕ್ಕೆ 500ರಿಂದ 600 ಲೀಟರ್. ಕೊಳವೆ ಬಾವಿಯ ನೀರು ಕುಡಿಯಲು ಸ್ನಾನಕ್ಕೇ ಸಾಲದಿರುವಾಗ ಇದನ್ನು ಎಲ್ಲಿಂದ ತರುವುದು? ತಟ್ಟೆ ಲೋಟ ತೊಳೆಯಲು ಒಂದು ಊಟಕ್ಕೆ ತಲಾ 3 ಲೀಟರ್ ಎಂದಿಟ್ಟುಕೊಂಡರೆ 50 ಮಕ್ಕಳಿಂದ ಮೂರು ಹೊತ್ತಿಗೆ 450 ಲೀಟರ್ ಬಳಸಿದ ನೀರು ಹೊರಬರುತ್ತದೆ. ಎಣ್ಣೆ ಜಿಡ್ಡು ಮತ್ತು ಅಗುಳು ತಡೆಯಲು ಒಂದು ಜಾಲರಿ, ಆಮೇಲೆ ಜಲ್ಲಿ ಮರಳಿನ ಒಂದು ತೊಟ್ಟಿ, ಅದರಲ್ಲಿ ಕಾಬಾಳೆ ಗಿಡ, ಇಷ್ಟಾದರೆ ಆ ನೀರು ಬಾಳೆ, ಪಪ್ಪಾಯಿ, ನುಗ್ಗೆ, ನಿಂಬೆಯ ಬುಡಕ್ಕೆ ಹೋಗಬಹುದು. ಹಸಿಯಾಗಿ ತಿನ್ನುವ ಸೊಪ್ಪು ಗಡ್ಡೆಗಳಿಗೆ ಅದನ್ನು ಬಿಡಬಾರದು, ಶೌಚದ ನೀರು ಇದರೊಂದಿಗೆ ಎಲ್ಲೂ ಸೇರಬಾರದು. ಸೊಪ್ಪಿನ ಮಡಿಗಳಿಗೆ ಶುದ್ಧ ನೀರೇ ಬೇಕಾದ್ದರಿಂದ ಅವು ಚಿಕ್ಕದಾಗಿರಲಿ.

ಚಾವಣಿಯ ಮಳೆನೀರಿನ ಲೆಕ್ಕ ಮೊದಲ ನೋಟಕ್ಕೆ ಬಹಳ ಆಶಾದಾಯಕ. 200 ಚದರ ಮೀಟರ್ ಚಾವಣಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದು ಅದರಲ್ಲಿ ಶೇ. 80ರಷ್ಟು ಸಿಕ್ಕರೂ ವರ್ಷಕ್ಕೆ 96,000 ಲೀಟರ್ ಆಗುತ್ತದೆ. ಆದರೆ ಮಳೆ ಬರುವಾಗ ತೋಟಕ್ಕೆ ನೀರು ಬೇಕಿಲ್ಲ, ಬೇಕಾದಾಗ ಮಳೆ ಇರುವುದಿಲ್ಲ. 10,000 ಲೀಟರಿನ ತೊಟ್ಟಿ ಬೇಸಿಗೆಯ 100 ಚದರ ಮೀಟರಿಗೆ ಮೂರು ವಾರವೂ ಬಾರದು. ಚಿತ್ರದುರ್ಗದ ಕೋಟೆಯನ್ನು ಕಟ್ಟಿದವರು ಬಂಡೆಯಿಂದ ಇಳಿಯುವ ಮಳೆಯನ್ನು ಅಕ್ಕ ತಂಗಿಯರ ಹೊಂಡದಂತಹ ಹೊಂಡಗಳಲ್ಲಿ ಹಿಡಿದಿಟ್ಟು ಬದುಕಿದ್ದು ಇದೇ ಸಮಸ್ಯೆಯ ನಡುವೆ. ಸಂಸ್ಥೆಯ ಮಟ್ಟದಲ್ಲಿ ಅಷ್ಟು ದೊಡ್ಡ ಸಂಗ್ರಹ ಆಗದಿರುವುದರಿಂದ ಇಲ್ಲಿಯ ತೋಟದ ನಿಜವಾದ ಹಂಗಾಮು ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಎಂದು ಒಪ್ಪಿಕೊಳ್ಳುವುದೇ ಸರಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮರಗಳನ್ನು ಉಳಿಸಿಕೊಂಡು, ಮಡಿಗಳನ್ನು ಹೊದಿಸಿ ಬಿಟ್ಟು, ಹಸಿರು ನೆರಳು ಪರದೆಯ ಕೆಳಗೆ ಎರಡೇ ಎರಡು ಸೊಪ್ಪಿನ ಮಡಿ ಇಟ್ಟುಕೊಂಡರೆ ಸಾಕು. ಆ ತಿಂಗಳುಗಳಲ್ಲಿ ಬಂದ ಮಗುವಿಗೂ ಬಿತ್ತಲು ಏನಾದರೂ ಇರುತ್ತದೆ.

ಮಣ್ಣು ಮತ್ತು ಮಡಿಯ ವಿಷಯದಲ್ಲಿ ಒಂದು ತಪ್ಪು ಮೇಲಿಂದ ಮೇಲೆ ಆಗುತ್ತದೆ. ಮೊಬೈಲಿನಲ್ಲಿ ನೋಡುವ ಎತ್ತರದ ಮಡಿಗಳು ಮಳೆ ಹೆಚ್ಚಿರುವ ನಾಡಿಗೆ ಒಳ್ಳೆಯವು. ನಮ್ಮ ಕೆಂಪು ಮಸಾರಿಯಲ್ಲಿ ಅವು ಬೇಗ ಒಣಗುತ್ತವೆ. ಇಲ್ಲಿ ನೆಲಮಟ್ಟಕ್ಕಿಂತ ಒಂದು ಗೇಣು ತಗ್ಗಿನಲ್ಲಿ, ಸುತ್ತ ಬದು ಕಟ್ಟಿದ ಮಡಿ ನೀರನ್ನು ಹಿಡಿದಿಡುತ್ತದೆ. ಎರೆಮಣ್ಣಿನಲ್ಲಿ ಮಾತ್ರ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಸ್ವಲ್ಪ ಏರು ಬೇಕು. ಮಡಿಯ ಅಗಲ ಮೂರಡಿಗಿಂತ ಹೆಚ್ಚಾದರೆ ಎಂಟು ವರ್ಷದ ಮಗುವಿನ ಕೈ ನಡುವಿಗೆ ಎಟುಕದೆ ಅದು ಒಳಗೆ ಕಾಲಿಡುತ್ತದೆ. ಗಾಲಿಕುರ್ಚಿಯ ಮಗುವಿದ್ದರೆ ಮೇಜಿನೆತ್ತರದ ಒಂದು ತೊಟ್ಟಿ ಕಟ್ಟಲೇಬೇಕು. ಹೊದಿಕೆಗೆ ಇಲ್ಲಿ ಕೊರತೆಯಿಲ್ಲ: ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಸುತ್ತ ಶೇಂಗಾ ಹೊಟ್ಟು, ದಾವಣಗೆರೆಯ ಸುತ್ತ ಭತ್ತದ ಹೊಟ್ಟು ಮತ್ತು ಮೆಕ್ಕೆಜೋಳದ ದಂಟು ಸಿಗುತ್ತವೆ. ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿದರೆ ನೀರು ಆರುವುದೂ ಕಳೆ ಏಳುವುದೂ ಬಹಳ ತಗ್ಗುತ್ತವೆ, ಮಕ್ಕಳ ಕೆಲಸವೂ ಹಗುರಾಗುತ್ತದೆ.

ಸುರಕ್ಷತೆಯಲ್ಲಿ ರಾಜಿ ಬೇಡ. ರಾಸಾಯನಿಕ ಕೀಟನಾಶಕ ಆವರಣದೊಳಗೆ ಬರಲೇಬಾರದು. ಸಸ್ಯಹೇನಿಗೆ ಬೇವಿನ ಬೀಜದ ಕಷಾಯವೋ ಬೂದಿಯೋ ಸಾಕು, ಹೆಚ್ಚಾದರೆ ಆ ಗಿಡವನ್ನೇ ಕಿತ್ತುಬಿಡಬಹುದು. ಕಣಗಿಲೆ, ದತ್ತೂರಿ, ಹರಳು, ಗುಲಗಂಜಿಗಳಲ್ಲಿ ಪ್ರಾಣಕ್ಕೆ ಅಪಾಯವಿರುವ ವಿಷವಿದೆ. ಬೇಲಿಯ ಅಂದಕ್ಕೆ ನೆಟ್ಟ ಕಣಗಿಲೆಯನ್ನೂ ತೆಗೆಸಬೇಕು. ಪಾರ್ಥೇನಿಯಂ ಅಂದರೆ ಕಾಂಗ್ರೆಸ್ ಗಿಡವನ್ನು ಮಕ್ಕಳಿಂದ ಕೀಳಿಸಬಾರದು, ಅದು ಚರ್ಮಕ್ಕೂ ಉಸಿರಿಗೂ ಒಗ್ಗುವುದಿಲ್ಲ. ಕಲ್ಲು ರಾಶಿ, ಒಣಸೊಪ್ಪಿನ ಗುಡ್ಡೆಗಳಲ್ಲಿ ಚೇಳು ಹಾವು ಸೇರುವುದು ಈ ಸೀಮೆಯಲ್ಲಿ ಸಾಮಾನ್ಯವಾದ್ದರಿಂದ ಗೊಬ್ಬರದ ಗುಂಡಿ ಆಟದ ಜಾಗದಿಂದ ದೂರವಿರಲಿ. ತಮ್ಮನ್ನೇ ಗಾಯಮಾಡಿಕೊಳ್ಳುವ ಮನಃಸ್ಥಿತಿಯಲ್ಲಿರುವ ಮಕ್ಕಳೂ ಅಲ್ಲಿರಬಹುದು. ಹಾಗಾಗಿ ಕುರ್ಚಿಗೆ, ಗುದ್ದಲಿಗಳನ್ನು ಎಣಿಸಿ ಕೊಟ್ಟು ಎಣಿಸಿ ಒಳಗಿಟ್ಟು ಬೀಗ ಹಾಕಬೇಕು. ಧನುರ್ವಾಯು ಲಸಿಕೆಯ ದಾಖಲೆಯನ್ನು ಮೊದಲೇ ನೋಡಿಕೊಂಡಿರಬೇಕು.

ಹೊರಗಿನ ಸಮುದಾಯ ಇದರಲ್ಲಿ ಹೇಗೆ ಸೇರಬೇಕು? ಕಾಯ್ದೆಯ 74ನೆಯ ಕಲಮಿನ ಪ್ರಕಾರ ಈ ಮಕ್ಕಳ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಸೇರಿದಂತೆ ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಜೂನ್ 5ರ ಪರಿಸರ ದಿನಕ್ಕೆ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸಸಿ ನೆಡಿಸಿ ಫೋಟೊ ತೆಗೆದು ಗುಂಪಿಗೆ ಕಳುಹಿಸುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದರಿಂದ ಮಗುವಿನ ಹಕ್ಕಿಗೆ ಧಕ್ಕೆಯಾಗುತ್ತದೆ. ಅಡಗಿರಬೇಕಾದ ಹುಡುಗಿಯೊಬ್ಬಳ ಜಾಗ ಅವಳನ್ನು ಹುಡುಕುತ್ತಿರುವವರಿಗೆ ಗೊತ್ತಾಗಲು ಒಂದು ಚಿತ್ರ ಸಾಕು. ವರ್ಷಕ್ಕೊಮ್ಮೆ ಬರುವ ಮೂವತ್ತು ಜನರಿಗಿಂತ ಪ್ರತಿ ಶನಿವಾರ ತಪ್ಪದೆ ಬರುವ ಮೂವರು ಮೇಲು: ನಿವೃತ್ತ ಶಿಕ್ಷಕಿ, ಪಕ್ಕದ ಬೀದಿಯ ರೈತ, ತೋಟಗಾರಿಕೆ ಓದುತ್ತಿರುವ ವಿದ್ಯಾರ್ಥಿ. ಅವರ ಹಿನ್ನೆಲೆಯನ್ನು ಪೊಲೀಸ್ ಪರಿಶೀಲನೆಯ ಮೂಲಕ ನೋಡಿ, ಅಧೀಕ್ಷಕರ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಒಪ್ಪಿಗೆ ಪಡೆದು, ಸಿಬ್ಬಂದಿಯ ಕಣ್ಣೆದುರಲ್ಲೇ ಕೆಲಸ ಮಾಡುವಂತಿರಬೇಕು. ಒಂದು ವರ್ಷ ಬರಲಾಗದವರು ಆರಂಭಿಸದಿರುವುದೇ ಉತ್ತಮ, ಏಕೆಂದರೆ ಹೇಳದೆ ನಿಂತುಹೋಗುವ ದೊಡ್ಡವರನ್ನು ಈ ಮಕ್ಕಳು ಮತ್ತೆ ಕಾಣುವಂತಾಗಬಾರದು.

ಇನ್ನೊಂದು ದಾರಿ ನನಗೆ ಇದಕ್ಕಿಂತಲೂ ಹಿಡಿಸುತ್ತದೆ. ಬಾಲಮಂದಿರದ ಅನೇಕ ಮಕ್ಕಳು ಹತ್ತಿರದ ಸರ್ಕಾರಿ ಶಾಲೆಗೇ ಹೋಗುತ್ತಾರೆ. ಆ ಶಾಲೆಯ ಕೈತೋಟಕ್ಕೆ ಊರಿನವರು ನೆರವಾದರೆ, ಬಾಲಮಂದಿರದ ಮಗುವೂ ಓಣಿಯ ಮಗುವೂ ಒಂದೇ ಮಡಿಯ ಪಾಲುದಾರರಾಗುತ್ತಾರೆ ಮತ್ತು ಯಾರು ಎಲ್ಲಿಂದ ಬಂದವರೆಂಬ ಹಣೆಪಟ್ಟಿ ಅಲ್ಲಿ ಬೇಕಾಗುವುದಿಲ್ಲ. ಮಗು ಸಂಸ್ಥೆಯ ತೋಟದಲ್ಲಿ ಕಲಿತದ್ದನ್ನು ಶಾಲೆಯಲ್ಲಿ ಇತರರಿಗೆ ಹೇಳಿಕೊಡುವ ಸ್ಥಾನದಲ್ಲಿರುವುದು ಅದಕ್ಕೆ ತರಗತಿಯಲ್ಲಿ ಸುಲಭವಾಗಿ ಸಿಗದ ಗೌರವ.

ಮಗು ಹೊರಡುವ ದಿನಕ್ಕೂ ತೋಟದಲ್ಲಿ ಒಂದು ಕ್ರಮವಿರಬೇಕು. ಆದೇಶ ಕೆಲವೊಮ್ಮೆ ಬೆಳಿಗ್ಗೆ ಬಂದು ಸಂಜೆಯೊಳಗೆ ಮಗು ಹೊರಟಿರುತ್ತದೆ. ತನ್ನ ಮಡಿಯನ್ನು ಯಾರಿಗೆ ಒಪ್ಪಿಸಬೇಕೆಂದು ಹೇಳುವ ಅವಕಾಶ, ಕೊಯ್ಲಿಗೆ ಬಂದದ್ದಿದ್ದರೆ ಕೊಯ್ದುಕೊಳ್ಳುವ ಅವಕಾಶ, ಕೈಯಲ್ಲಿ ಒಂದು ಬೀಜದ ಪೊಟ್ಟಣ, ಇವುಗಳಿಗೆ ಹತ್ತು ನಿಮಿಷ ಸಾಕು; ಅಧೀಕ್ಷಕರು ಅದನ್ನು ಹೊರಡುವ ವಿಧಿಗಳಲ್ಲಿ ಒಂದಾಗಿ ಬರೆದಿಟ್ಟರೆ ಮರೆತುಹೋಗುವುದಿಲ್ಲ. 18 ತುಂಬಿ ಹೊರಡುವವರಿಗೆ ಕಸಿ ಕಟ್ಟುವುದು, ಸಸಿಮಡಿ ನೋಡಿಕೊಳ್ಳುವುದು ಗೊತ್ತಿದ್ದರೆ ನರ್ಸರಿಗಳಲ್ಲಿ ಅದಕ್ಕೆ ಬೆಲೆಯಿದೆ, ಆದರೆ ಆ ಕಲಿಕೆ ಆಸಕ್ತಿ ಇರುವ ಒಬ್ಬಿಬ್ಬರಿಗೆ ಮಾತ್ರ.

ಆರಂಭಕ್ಕೆ ದೊಡ್ಡ ಹಣ ಬೇಕಿಲ್ಲ. ಬೇಕಾದದ್ದು ಸಿಬ್ಬಂದಿಯಲ್ಲಿ ತೋಟದ ಮೇಲೆ ಮನಸ್ಸಿರುವ ಒಬ್ಬರು, ಅವರು ವರ್ಗವಾದರೆ ಮುಂದಿನವರಿಗೆ ದಾರಿ ತೋರುವ ಒಂದು ದಿನಚರಿ ಪುಸ್ತಕ. ಗೃಹಮಾತೆಯೋ ಅಡುಗೆಯವರೋ ಕಾವಲುಗಾರರೋ ಯಾರಾದರೂ ಆಗಬಹುದು. ನಮ್ಮಲ್ಲಿ ಹೊಲದ ಅನುಭವವಿಲ್ಲದ ಮನೆಗಳೇ ಕಡಿಮೆ. ಬೀಜ, ತಳಿ ಮತ್ತು ರೋಗದ ಸಲಹೆಗೆ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರ ಇವೆ. ಮಾದರಿ ನಿಯಮಗಳು 6ರಿಂದ 10, 11ರಿಂದ 15, 16ರಿಂದ 18 ವರ್ಷದ ಮಕ್ಕಳ ಸಮಿತಿಗಳನ್ನು ಪ್ರತಿ ಸಂಸ್ಥೆಯಲ್ಲೂ ರಚಿಸಬೇಕೆನ್ನುತ್ತವೆ. ಏನು ಬಿತ್ತಬೇಕೆಂಬ ಮೊದಲ ಪ್ರಶ್ನೆಯನ್ನು ಆ ಸಮಿತಿಗಳ ಮುಂದೆಯೇ ಇಡಬೇಕು. ಜೂನ್ ಜುಲೈನಲ್ಲಿ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ತುಂಬಿ ನುಗ್ಗೆ ಕರಿಬೇವು ನೆಟ್ಟು, ಆಗಸ್ಟ್ ಕೊನೆಯಲ್ಲಿ ನಾಲ್ಕೈದು ಸೊಪ್ಪಿನ ಮಡಿ ಮಾತ್ರ ಹಾಕಿ, ಜಾಗವನ್ನು ಹೆಚ್ಚಿಸುವ ಮಾತನ್ನು ಮೊದಲ ಬೇಸಿಗೆ ಕಳೆದ ಮೇಲೆ, ಎಷ್ಟು ನೀರು ಉಳಿಯಿತು ಮತ್ತು ಎಷ್ಟು ಮಕ್ಕಳು ತಾವಾಗಿ ಬಂದರು ಎಂಬ ದಿನಚರಿಯ ಲೆಕ್ಕವನ್ನು ನೋಡಿ ಮಕ್ಕಳ ಸಮಿತಿಯೇ ತೀರ್ಮಾನಿಸಲಿ.